ಆ ಹೊತ್ತಿನ ಆಕಾಶ: ಕಾನ್‌ಸ್ಟೆಬಲ್‌ನ ದಾರಿಯಲ್ಲಿ ಮೋಡಗಳ ಚಿತ್ರಾಭ್ಯಾಸ

ಇಂಗ್ಲೆಂಡಿನ ನಿಸರ್ಗ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ (1776–1837) 1821 ಮತ್ತು 1822ರಲ್ಲಿ ಲಂಡನ್ನಿನ ಉತ್ತರ ಅಂಚಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಕುಳಿತು, ಮನೆ ಮರ ಹೊಳೆಗಳನ್ನೆಲ್ಲ ಬದಿಗಿಟ್ಟು, ಮೋಡಗಳನ್ನು ಬರೆಯುವುದರಲ್ಲಿ ಮುಳುಗಿಹೋದ. ಹೆಂಡತಿ ಮರಿಯಾಳ ಆರೋಗ್ಯಕ್ಕೆ ಒಳ್ಳೆಯ ಗಾಳಿ ಬೇಕೆಂದು 1819ರಿಂದ ಅವನು ಅಲ್ಲಿ ಬಾಡಿಗೆಯ ಮನೆ ಹಿಡಿಯುತ್ತಿದ್ದ. ಸಮುದ್ರಮಟ್ಟದಿಂದ ಸುಮಾರು 130 ಮೀಟರ್ ಎತ್ತರದಲ್ಲಿರುವ ಆ ಬಯಲು ಲಂಡನ್ನಿನ ಅತಿ ಎತ್ತರದ ಜಾಗಗಳಲ್ಲೊಂದಾದ್ದರಿಂದ, ನಾಲ್ಕೂ ಕಡೆಯ ಆಕಾಶ ಅಲ್ಲಿ ತೆರೆದುಕೊಳ್ಳುತ್ತದೆ. 1821ರ ಅಭ್ಯಾಸಚಿತ್ರಗಳಲ್ಲಿ ಹಲವಕ್ಕೆ ಕೆಳಗೊಂದು ಮರಗಳ ಅಂಚು ಇದೆ. ಮರುವರ್ಷದ ಹಾಳೆಗಳಲ್ಲಿ ಅದೂ ಹೋಗಿ, ಬರಿಯ ಆಕಾಶ ಉಳಿಯಿತು. ಆಕಾಶದ ಐವತ್ತರಷ್ಟು ಅಭ್ಯಾಸಗಳನ್ನು ಎಚ್ಚರದಿಂದ ಮಾಡಿದ್ದೇನೆಂದು ಅವನು 1822ರ ಅಕ್ಟೋಬರಿನಲ್ಲಿ ಗೆಳೆಯ ಜಾನ್ ಫಿಶರ್‌ಗೆ ಬರೆದ. ಇವು ಪ್ರದರ್ಶನಕ್ಕೋ ಮಾರಾಟಕ್ಕೋ ಮಾಡಿದವಲ್ಲ. ಆಗಲೇ ನಲವತ್ತೈದು ದಾಟಿದ್ದ ಚಿತ್ರಕಾರನೊಬ್ಬ ತಾನು ಕಲಿಯುವುದಕ್ಕಾಗಿ ಮಾಡಿಕೊಂಡ ಕೆಲಸ.

ಅವನು ಆ ಎರಡು ವರ್ಷಗಳಲ್ಲಿ ಅನುಸರಿಸಿದ ಕ್ರಮವನ್ನು ಇಂದು ನಮ್ಮ ಊರಿನ ಮಾಳಿಗೆಯ ಮೇಲೋ ಕೆರೆಯ ಏರಿಯ ಮೇಲೋ ಕುಳಿತು ಹೇಗೆ ಅಭ್ಯಾಸ ಮಾಡಬಹುದು ಎಂಬುದನ್ನು ಈ ಲೇಖನ ಹಂತಹಂತವಾಗಿ ವಿವರಿಸುತ್ತದೆ. ಆ ಕ್ರಮದ ಜೀವಾಳ ಒಂದೇ: ಮೋಡವೆಂಬುದು ಇಂಥ ದಿನ, ಇಂಥ ಹೊತ್ತು, ಇಂಥ ಗಾಳಿಯಲ್ಲಿ ಮಾತ್ರ ಹಾಗೆ ಇರಬಲ್ಲ ವಸ್ತು. ಆ ಮೂರನ್ನೂ ತಿಳಿಯದೆ ಕುಂಚ ಹಿಡಿದವರ ಕೈಯಲ್ಲಿ ಅದು ಬಿಳಿಯ ಕಲೆಯಾಗಿ ಉಳಿಯುತ್ತದೆ. ಆಕಾಶವನ್ನು ವಸ್ತುಗಳ ಹಿಂದೆ ಇಳಿಬಿಟ್ಟ ಬಿಳಿ ಬಟ್ಟೆಯಂತೆ ಭಾವಿಸಬೇಕೆಂದು ತನಗೆ ಸಿಕ್ಕ ಸಲಹೆಯನ್ನು ಕಾನ್‌ಸ್ಟೆಬಲ್ 1821ರ ಅಕ್ಟೋಬರ್ 23ರ ಪತ್ರದಲ್ಲಿ ನೆನೆದು, ಅದನ್ನು ಒಪ್ಪದೆ, ಆಕಾಶವೇ ನಿಸರ್ಗದಲ್ಲಿ ಬೆಳಕಿನ ಮೂಲವೆಂದೂ ಅದೇ ಎಲ್ಲವನ್ನೂ ಆಳುತ್ತದೆಂದೂ ಬರೆದ. ಮುಂದಿನ ಪ್ರತಿಯೊಂದು ಹಂತಕ್ಕೂ ಈ ಮಾತೇ ಆಧಾರ.

ಮೊದಲ ಹಂತ: ಆಕಾಶವನ್ನು ಓದುವುದು

ಬಣ್ಣದ ಪೆಟ್ಟಿಗೆ ತೆರೆಯುವ ಮೊದಲು ಕೆಲವು ದಿನ ಬರಿಯ ಪೆನ್ಸಿಲ್ ಮತ್ತು ಟಿಪ್ಪಣಿ ಪುಸ್ತಕದೊಡನೆ ಆಕಾಶ ನೋಡುವುದು ಒಳ್ಳೆಯದು. ಕಾನ್‌ಸ್ಟೆಬಲ್‌ನಿಗೆ ಈ ಶಿಕ್ಷಣ ಹುಟ್ಟಿನಿಂದಲೇ ಸಿಕ್ಕಿತ್ತು. ಅವನ ತಂದೆ ಸಫೊಕ್ ಸೀಮೆಯಲ್ಲಿ ನೀರಿನ ಗಿರಣಿಗಳನ್ನೂ ಗಾಳಿ ಗಿರಣಿಯನ್ನೂ ನಡೆಸುತ್ತಿದ್ದವನು, ಮಗನೂ ಹರೆಯದಲ್ಲಿ ಅಲ್ಲಿ ದುಡಿದಿದ್ದ. ಗಾಳಿಯ ದಿಕ್ಕು ತಪ್ಪಿದರೆ ಗಿರಣಿಯ ರೆಕ್ಕೆಗಳೇ ಮುರಿಯಬಹುದಾದ್ದರಿಂದ ಆ ಕಸುಬಿನವರು ಸದಾ ಮುಗಿಲ ಮೇಲೆ ಕಣ್ಣಿಟ್ಟಿರುತ್ತಾರೆ. ಅಷ್ಟಕ್ಕೇ ತೃಪ್ತನಾಗದೆ ಅವನು ವಿಜ್ಞಾನದ ಕಡೆಗೂ ತಿರುಗಿದ. ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವರ್ಡ್ 1802ರಲ್ಲಿ ಓದಿದ ಪ್ರಬಂಧವೊಂದರಲ್ಲಿ ಮೋಡಗಳಿಗೆ ಸಿರಸ್, ಕ್ಯುಮ್ಯುಲಸ್, ಸ್ಟ್ರೇಟಸ್, ನಿಂಬಸ್ ಎಂಬ ಹೆಸರುಗಳನ್ನು ಕೊಟ್ಟಿದ್ದ. ನಮ್ಮ ಶಾಲೆಯ ಭೂಗೋಳ ಪುಸ್ತಕಗಳು ಅವನ್ನು ಹಿಮಕಣ ಮೋಡ, ರಾಶಿ ಮೋಡ, ಪದರ ಮೋಡ, ವೃಷ್ಟಿ ಮೋಡ ಎಂದು ಕಲಿಸುತ್ತವೆ. ಈ ವಿಂಗಡಣೆಯನ್ನು ವಿವರಿಸುವ ಥಾಮಸ್ ಫಾರ್ಸ್ಟರ್‌ನ ಗ್ರಂಥದ ಪ್ರತಿಯೊಂದು ಕಾನ್‌ಸ್ಟೆಬಲ್ ಬಳಿ ಇತ್ತು, ಅದರ ಅಂಚುಗಳಲ್ಲಿ ಅವನು ಟಿಪ್ಪಣಿಗಳನ್ನೂ ಬರೆದಿದ್ದ.

ಚಿತ್ರ ಬರೆಯುವವರಿಗೆ ಅತ್ಯಂತ ಉಪಯುಕ್ತವಾದದ್ದು ರಾಶಿ ಮೋಡ, ಆದ್ದರಿಂದ ಅದರಿಂದಲೇ ಆರಂಭಿಸಿ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿ ಎತ್ತರಕ್ಕೆ ಹೋದಂತೆ ತಣಿಯುತ್ತದೆ, ಒಂದು ಮಟ್ಟ ತಲುಪಿದಾಗ ಅದರಲ್ಲಿನ ಆವಿ ಹನಿಗಟ್ಟುತ್ತದೆ. ಒಂದು ಪ್ರದೇಶದ ಮೇಲಿನ ಗಾಳಿಯ ಗುಣ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಈ ಮಟ್ಟವೂ ಒಂದೇ ಆಗಿರುತ್ತದೆ, ಹೀಗಾಗಿ ಕಣ್ಣಿಗೆ ಕಾಣುವ ರಾಶಿ ಮೋಡಗಳ ತಳಗಳೆಲ್ಲ ಸಪಾಟಾಗಿ ಒಂದೇ ಎತ್ತರದಲ್ಲಿ ನಿಂತಿರುತ್ತವೆ. ಆ ಎತ್ತರವನ್ನು ನೀವೇ ಅಂದಾಜು ಮಾಡಬಹುದು. ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ ಗಾಳಿಯ ಉಷ್ಣತೆ ಮತ್ತು ಇಬ್ಬನಿ ಬಿಂದು (ಗಾಳಿ ಎಷ್ಟು ತಣಿದರೆ ಅದರ ಆವಿ ಹನಿಗಟ್ಟುತ್ತದೋ ಆ ಉಷ್ಣತೆ) ಎರಡನ್ನೂ ನೋಡಿ, ಅವುಗಳ ನಡುವಿನ ವ್ಯತ್ಯಾಸದ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 125 ಮೀಟರ್ ಲೆಕ್ಕ ಹಿಡಿದರಾಯಿತು. ಉಷ್ಣತೆ 28 ಡಿಗ್ರಿ, ಇಬ್ಬನಿ ಬಿಂದು 20 ಡಿಗ್ರಿ ಇದ್ದ ದಿನ ಮೋಡದ ತಳ ನೆಲದಿಂದ ಸುಮಾರು ಒಂದು ಕಿಲೋಮೀಟರ್ ಮೇಲಿರುತ್ತದೆ. ತಳಗಳು ಒಂದೇ ಮಟ್ಟದಲ್ಲಿವೆ ಎಂಬ ತಿಳಿವಳಿಕೆಯಿಂದ ಚಿತ್ರದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಎರಡನೆಯದಾಗಿ ಮೋಡದ ಅಂಚುಗಳನ್ನು ಗಮನಿಸಿ. ಇನ್ನೂ ಬೆಳೆಯುತ್ತಿರುವ ರಾಶಿ ಮೋಡದ ತಲೆಯ ಅಂಚು ಗರಿಗರಿಯಾಗಿ, ಕತ್ತರಿಸಿದಷ್ಟು ಸ್ಪಷ್ಟವಾಗಿರುತ್ತದೆ. ಕರಗುತ್ತಿರುವ ಮೋಡದ ಅಂಚು ನೂಲು ಬಿಚ್ಚಿಕೊಳ್ಳುತ್ತದೆ. ಆರು ಕಿಲೋಮೀಟರಿಗೂ ಮೇಲಿರುವ ಹಿಮಕಣ ಮೋಡ ಹಿಮದ ಹರಳುಗಳಿಂದಾದದ್ದು, ಅದಕ್ಕೆ ಗಟ್ಟಿ ಅಂಚೇ ಇರುವುದಿಲ್ಲ. ಒಂದೇ ಚಿತ್ರದಲ್ಲಿ ಎಲ್ಲ ಅಂಚುಗಳನ್ನೂ ಒಂದೇ ರೀತಿ ಮೃದುವಾಗಿಸುವುದು ಮೋಡ ಬರೆಯುವವರಲ್ಲಿ ಅತಿ ಹೆಚ್ಚು ಕಾಣುವ ದೋಷ. ಅದಕ್ಕೆ ಪರಿಹಾರ ಕೈಚಳಕದಲ್ಲಿಲ್ಲ. ಯಾವ ಮೋಡ ಹುಟ್ಟುತ್ತಿದೆ, ಯಾವುದು ಸಾಯುತ್ತಿದೆ ಎಂದು ಗುರುತಿಸುವುದರಲ್ಲಿದೆ.

ಮೂರನೆಯದು ಗಾಳಿ. ಕರ್ನಾಟಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗ್ಗಿನ ಮೋಡಗಳು ಪಶ್ಚಿಮ ಅಥವಾ ನೈಋತ್ಯದಿಂದ ಪೂರ್ವದ ಕಡೆಗೆ ಓಡುತ್ತವೆ. ಅದೇ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬಲವಾದ ಗಾಳಿ ಹರಿಯುತ್ತಿರುತ್ತದೆ. ಹಾಗಾಗಿ ತಗ್ಗಿನ ಮೋಡಗಳ ತೆರಪಿನಲ್ಲಿ ಹಿಮಕಣ ಮೋಡಗಳು ಕಂಡಾಗ, ಅವು ಎದುರು ದಿಕ್ಕಿಗೆ ಸಾಗುವುದನ್ನು ತಾಳ್ಮೆಯಿಂದ ನೋಡಿದವರು ಬರಿಗಣ್ಣಿನಲ್ಲೇ ಕಾಣಬಹುದು. ಒಂದು ಕಂಬವನ್ನೋ ಕಟ್ಟಡದ ಮೂಲೆಯನ್ನೋ ಗುರುತಾಗಿಟ್ಟುಕೊಂಡು ನೋಡಿದರೆ ಚಲನೆ ಸುಲಭವಾಗಿ ತಿಳಿಯುತ್ತದೆ. ಆಕಾಶ ಒಂದೇ ತೆರೆಯಲ್ಲ, ಅದರಲ್ಲಿ ಹಲವು ಅಂತಸ್ತುಗಳಿವೆ ಎಂಬುದನ್ನು ಕಣ್ಣಿಗೆ ಕಲಿಸಲು ಇದಕ್ಕಿಂತ ಉತ್ತಮ ಪಾಠ ನನಗೆ ಗೊತ್ತಿಲ್ಲ.

ಎರಡನೆಯ ಹಂತ: ಹೊತ್ತು ಮತ್ತು ಜಾಗ

ಕಾನ್‌ಸ್ಟೆಬಲ್‌ನ ಟಿಪ್ಪಣಿಗಳಲ್ಲಿ ಬೆಳಗಿನ ಹತ್ತು ಹನ್ನೊಂದು, ನಡುಹಗಲು, ಮಧ್ಯಾಹ್ನದ ಮೂರು ಗಂಟೆ ಇವೆಲ್ಲ ಬರುತ್ತವೆ. ಆ ಹೊತ್ತುಗಳನ್ನು ಹಾಗೆಯೇ ನಾವು ಅನುಸರಿಸಿದರೆ ಸಿಗುವ ಫಲ ಬೇರೆಯೇ. ಲಂಡನ್ ಭೂಮಧ್ಯರೇಖೆಯಿಂದ 51.5 ಡಿಗ್ರಿ ಉತ್ತರದಲ್ಲಿದೆ, ಬೆಂಗಳೂರು ಸುಮಾರು 13 ಡಿಗ್ರಿಯಲ್ಲಿದೆ. ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಹ್ಯಾಂಪ್‌ಸ್ಟೆಡ್‌ನ ಸೂರ್ಯ ನಡುಹಗಲಿನಲ್ಲೂ ದಿಗಂತದಿಂದ 38 ಡಿಗ್ರಿಯಷ್ಟೇ ಮೇಲಿರುತ್ತಾನೆ. ಆದ್ದರಿಂದ ಮೋಡಗಳಿಗೆ ಪಕ್ಕದಿಂದ ಬೆಳಕು ಬಿದ್ದು ಒಂದು ಮಗ್ಗುಲು ಹೊಳೆಯುತ್ತದೆ, ಇನ್ನೊಂದು ಮಗ್ಗುಲು ಬೂದಾಗುತ್ತದೆ, ಆಕಾರ ತಾನಾಗಿ ಮೂಡುತ್ತದೆ. ಅದೇ ದಿನ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯ 77 ಡಿಗ್ರಿ ಎತ್ತರದಲ್ಲಿ, ಬಹುತೇಕ ನೆತ್ತಿಯ ಮೇಲೆಯೇ ಇರುತ್ತಾನೆ. ಬೆಳಕೆಲ್ಲ ಮೋಡದ ತಲೆಯ ಮೇಲೆ ಸುರಿಯುತ್ತದೆ, ಕೆಳಗಿನಿಂದ ನೋಡುವ ನಮಗೆ ಕಪ್ಪಾದ ತಳವೇ ಹೆಚ್ಚಾಗಿ ಕಾಣುತ್ತದೆ.

ಕಾನ್‌ಸ್ಟೆಬಲ್‌ನಿಗೆ ನಡುಹಗಲಿನಲ್ಲಿ ಸಿಕ್ಕ ಆ ಓರೆ ಬೆಳಕು ಅದೇ ಋತುವಿನಲ್ಲಿ ಬೆಂಗಳೂರಿನವರಿಗೆ ಸಿಗುವುದು ಬೆಳಗ್ಗೆ ಒಂಬತ್ತರ ಆಸುಪಾಸಿನಲ್ಲಿ ಮತ್ತು ಮಧ್ಯಾಹ್ನ ಮೂರೂವರೆಯ ಸುಮಾರಿಗೆ. ನೆಲ ಕಾದ ಮೇಲಷ್ಟೇ ರಾಶಿ ಮೋಡಗಳು ಚೆನ್ನಾಗಿ ಬೆಳೆಯುವುದರಿಂದ ಈ ಎರಡರಲ್ಲಿ ಮಧ್ಯಾಹ್ನದ ಹೊತ್ತನ್ನೇ ಆರಿಸಿಕೊಳ್ಳಿ. ಋತುಗಳಲ್ಲಿ ನನ್ನ ಆಯ್ಕೆ ಮುಂಗಾರು ಹಿಂದೆ ಸರಿಯುವ ಸೆಪ್ಟೆಂಬರ್ ಮತ್ತು ಅಕ್ಟೋಬರ್. ಮಳೆ ತೊಳೆದ ಗಾಳಿ ಆಗ ತಿಳಿಯಾಗಿರುತ್ತದೆ, ನೀಲಿ ಗಾಢವಾಗಿರುತ್ತದೆ, ಮೋಡಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಮಲೆನಾಡಿನವರು ಜುಲೈ ತಿಂಗಳಲ್ಲಿ ಪದರ ಮೋಡದ ಅಡಿಯಲ್ಲೇ ಇರುವುದರಿಂದ, ಆ ತಿಂಗಳು ಬೂದು ಬಣ್ಣದ ಸೂಕ್ಷ್ಮಗಳ ಅಭ್ಯಾಸಕ್ಕೆ ಮೀಸಲಿಡಬಹುದು.

ಸೂರ್ಯ ನಿಮ್ಮ ಹಿಂದೆಯೋ ಪಕ್ಕದಲ್ಲೋ ಇರುವಂತೆ ಕುಳಿತುಕೊಳ್ಳಿ, ಸೂರ್ಯನನ್ನು ನೇರವಾಗಿ ನೋಡುವ ದಿಕ್ಕು ಬೇಡ. ಹಾಳೆ ನೆರಳಿನಲ್ಲಿರಲಿ. ಬಿಸಿಲು ಬಿದ್ದ ಹಾಳೆಯ ಮೇಲೆ ಬರೆದ ಬಣ್ಣ ಮನೆಯೊಳಗೆ ಬಂದಾಗ ಕಪ್ಪಿಟ್ಟು ಕಾಣುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡು ಬಣ್ಣ ಬೆರೆಸಬೇಡಿ.

ಮೂರನೆಯ ಹಂತ: ಸಾಮಗ್ರಿ

ಕಾನ್‌ಸ್ಟೆಬಲ್ ಹೊರಗೆ ಕೆಲಸ ಮಾಡುವಾಗ ಬಣ್ಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಚ್ಚಳದ ಒಳಮೈಗೆ ಕಾಗದವನ್ನು ಸಿಕ್ಕಿಸಿಕೊಂಡು ತೈಲವರ್ಣದಲ್ಲಿ ಬರೆಯುತ್ತಿದ್ದ. ನಿಮಗೂ ಇಷ್ಟು ಸಾಕು. 300 ಜಿಎಸ್‌ಎಂ ತೂಕದ ಕಾಗದವನ್ನು ಸುಮಾರು 24×30 ಸೆಂಟಿಮೀಟರ್ ಅಳತೆಗೆ ಕತ್ತರಿಸಿ, ಎರಡು ಕೈ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿಯ ಅಡಿಲೇಪ) ಹಚ್ಚಿ ಒಣಗಿಸಿ, ಡ್ರಾಯಿಂಗ್ ಬೋರ್ಡಿಗೆ ಕ್ಲಿಪ್ ಹಾಕಿಕೊಳ್ಳಿ. ಜೆಸ್ಸೊ ಇಲ್ಲದ ಕಾಗದಕ್ಕೆ ಎಣ್ಣೆ ಇಳಿದರೆ ವರ್ಷಗಳು ಕಳೆದಂತೆ ಅದು ಪುಡಿಯಾಗುತ್ತದೆ. ಜೆಸ್ಸೊದ ಮೇಲೆ ತೆಳುವಾಗಿ ಕಂದುಗೆಂಪಿನ ಅಡಿಬಣ್ಣ ಹಚ್ಚಿಕೊಳ್ಳುವುದು ಉತ್ತಮ. ಕಾನ್‌ಸ್ಟೆಬಲ್‌ನ ಅನೇಕ ತೈಲ ಅಭ್ಯಾಸಗಳಲ್ಲಿ ಇಂಥ ಬೆಚ್ಚನೆಯ ಅಡಿಬಣ್ಣ ಅಲ್ಲಲ್ಲಿ ಇಣುಕುತ್ತದೆ. ಮೇಲಿನ ನೀಲಿ ಮತ್ತು ಬೂದು ಬಣ್ಣಗಳು ಅದರಿಂದಲೇ ಮಿಡಿಯುತ್ತವೆ.

ಬಣ್ಣಗಳು ಆರು ಸಾಕು: ಟೈಟಾನಿಯಂ ವೈಟ್, ಕೋಬಾಲ್ಟ್ ಬ್ಲೂ, ಅಲ್ಟ್ರಾಮರೀನ್, ಯೆಲ್ಲೋ ಓಕರ್, ಲೈಟ್ ರೆಡ್ ಮತ್ತು ರಾ ಅಂಬರ್. ಅಂಗಡಿಯಲ್ಲಿ ಸಿಗುವ ಸಿದ್ಧ ಬೂದು ಬಣ್ಣವನ್ನೂ ಕಪ್ಪನ್ನೂ ಕೊಳ್ಳಬೇಡಿ. ಮೋಡದ ನೆರಳಿಗೆ ಅಲ್ಟ್ರಾಮರೀನ್, ಲೈಟ್ ರೆಡ್ ಮತ್ತು ಬಿಳಿಯನ್ನು ಬೆರೆಸಿದರೆ, ನೀಲಿಯ ಕಡೆಗೋ ಕೆಂಪಿನ ಕಡೆಗೋ ಬೇಕಾದಂತೆ ವಾಲಿಸಬಹುದಾದ ಜೀವಂತ ಬೂದು ಸಿಗುತ್ತದೆ. ಒಂದು ಇಂಚಿನ ಚಪ್ಪಟೆ ಕುಂಚ, ನಡುಗಾತ್ರದ ಎರಡು ಬಿರುಗೂದಲಿನ ಕುಂಚಗಳು, ಒರೆಸಲು ಹಳೆಯ ಬಟ್ಟೆ, ಸ್ವಲ್ಪ ಟರ್ಪೆಂಟೈನ್ ಜೊತೆಗಿರಲಿ. ಸಣ್ಣ ಮೊನೆಯ ಕುಂಚ ಬೇಡವೇ ಬೇಡ. ಅಕ್ರಿಲಿಕ್‌ನಲ್ಲಿ ಬರೆಯುವವರು ಅಂಚು ಬೆರೆಸಲು ಸಮಯ ಸಿಗುವಂತೆ ಒಣಗುವಿಕೆಯನ್ನು ನಿಧಾನಿಸುವ ದ್ರವ ಸೇರಿಸಿಕೊಳ್ಳಬೇಕು. ಜಲವರ್ಣದವರಿಗೆ ಕಾಗದದ ಬಿಳಿಯೇ ಬೆಳಕಾದ್ದರಿಂದ ಮುಂದೆ ಹೇಳುವ ಕ್ರಮವನ್ನು ಅವರು ತಿರುವಿಕೊಂಡು, ಬಿಳಿಯನ್ನು ಉಳಿಸುತ್ತ ಹೋಗಬೇಕು.

ನಾಲ್ಕನೆಯ ಹಂತ: ಒಂದು ಗಂಟೆಯ ಕೆಲಸ

ಒಂದು ಹಾಳೆಗೆ ಒಂದು ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಅಷ್ಟರಲ್ಲಿ ಬೆಳಕಿನ ದಿಕ್ಕು ಬದಲಾಗುತ್ತದೆ, ಆಮೇಲೆ ಬರೆದದ್ದು ಎರಡು ಆಕಾಶಗಳ ಬೆರಕೆಯಾಗುತ್ತದೆ. ಒಂದು ಮೋಡ ಹತ್ತಾರು ನಿಮಿಷಗಳಲ್ಲೇ ಹುಟ್ಟಿ ಕರಗಿಹೋಗುವಾಗ ಗಂಟೆಯ ತನಕ ಬರೆಯುವುದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಗಾಳಿ ಅದೇ, ತಳದ ಮಟ್ಟ ಅದೇ, ಬೆಳಕು ಬೀಳುವ ಕೋನವೂ ಅದೇ ಆಗಿರುವ ತನಕ, ಹೋದ ಮೋಡದ ಜಾಗಕ್ಕೆ ಬರುವ ಮೋಡದ ಕಟ್ಟುವಿಕೆಯೂ ಅಂಥದ್ದೇ ಇರುತ್ತದೆ. ಮೊದಲ ಹಂತದ ಓದು ಕೈಗೆ ಬಲ ಕೊಡುವುದು ಇಲ್ಲೇ. ಹೊಸ ಮೋಡದ ನೆರಳನ್ನು ನೋಡಿ ಹಳೆಯ ಮೋಡದ ನೆರಳನ್ನು ಪೂರ್ತಿ ಮಾಡಬಹುದು, ಆದರೆ ಹೊರರೇಖೆಯನ್ನು ಮಾತ್ರ ಮೊದಲು ಹಿಡಿದದ್ದರಿಂದ ಕದಲಿಸಬಾರದು.

ಮೊದಲ ಐದು ನಿಮಿಷ ಬರಿದೆ ನೋಡಿ. ರಟ್ಟಿನಲ್ಲಿ ಹಾಳೆಯದೇ ಅನುಪಾತದ ಚೌಕಟ್ಟು ಕತ್ತರಿಸಿ, ಅದರ ಮೂಲಕ ಆಕಾಶದ ಒಂದು ತುಂಡನ್ನು ಆರಿಸಿ. ಇಡೀ ಆಕಾಶವನ್ನು ಹಿಡಿಯುವ ಆಸೆಯನ್ನು ಬಿಡಬೇಕು.

ಮುಂದಿನ ಐದು ನಿಮಿಷದಲ್ಲಿ ತೆಳುವಾದ ಬಣ್ಣದಿಂದ ಮೋಡಗಳ ತಳದ ಗೆರೆಗಳನ್ನು ಗುರುತಿಸಿ. ಅವೆಲ್ಲ ಒಂದೇ ಮಟ್ಟದಲ್ಲಿವೆ ಎಂದು ನಾವಾಗಲೇ ತಿಳಿದಿದ್ದೇವೆ. ಹಳೆಯ ತೊಟ್ಟಿ ಮನೆಯ ಉದ್ದನೆಯ ಜಗುಲಿಯಲ್ಲಿ ನಿಂತು ತಲೆಯೆತ್ತಿದರೆ ಮಾಡಿನ ಜಂತೆಗಳು ನೆತ್ತಿಯ ಮೇಲೆ ಅಗಲವಾಗಿಯೂ ದೂರ ಸರಿದಂತೆ ತಗ್ಗಿ ಒತ್ತೊತ್ತಾಗಿಯೂ ಕಾಣುವ ಹಾಗೆ, ಈ ತಳಗಳೂ ದಿಗಂತದ ಕಡೆಗೆ ಇಳಿಯುತ್ತ ಹತ್ತಿರ ಹತ್ತಿರ ಸೇರುತ್ತವೆ. ಹಾಳೆಯ ಮೇಲ್ಭಾಗದ ಮೋಡಗಳು ದೊಡ್ಡವು, ಅವುಗಳ ತಳ ವಿಶಾಲವಾಗಿ ಕಾಣುತ್ತದೆ. ಕೆಳಗಿನವು ಚಿಕ್ಕವು, ಅವುಗಳ ಮಗ್ಗುಲಷ್ಟೇ ಕಾಣುತ್ತದೆ. ಈ ಗೆರೆಗಳು ಸರಿಬಿದ್ದರೆ ಆಕಾಶಕ್ಕೆ ಆಳ ಬಂತೆಂದೇ ಲೆಕ್ಕ. ಇವು ತಪ್ಪಿದ ಮೇಲೆ ಎಷ್ಟು ಚೆಂದದ ಬಣ್ಣ ಹಚ್ಚಿದರೂ ಮೋಡಗಳು ಗೋಡೆಗೆ ಅಂಟಿಸಿದಂತೆ ನಿಲ್ಲುತ್ತವೆ.

ಆನಂತರ ನೆರಳುಗಳನ್ನು ಹಾಕಿ. ಬಿಳಿಯಿಂದ ಆರಂಭಿಸಬೇಡಿ. ಒಂದು ಸಣ್ಣ ಪರೀಕ್ಷೆ ಮಾಡಿದರೆ ಕಾರಣ ತಿಳಿಯುತ್ತದೆ: ನೆರಳಿನಲ್ಲಿರುವ ಬಿಳಿ ಕಾಗದದ ತುಂಡೊಂದನ್ನು ಬಿಸಿಲಿನಲ್ಲಿ ಹೊಳೆಯುವ ಮೋಡದ ಪಕ್ಕಕ್ಕೆ ಹಿಡಿದು ನೋಡಿ, ಕಾಗದ ಬೂದಾಗಿ ಕಾಣುತ್ತದೆ. ಮೋಡದ ಹೊಳಪು ನಮ್ಮ ಟ್ಯೂಬಿನ ಬಿಳಿಗಿಂತ ಬಹಳ ಹೆಚ್ಚು. ಆ ಹೊಳಪನ್ನು ಹಾಳೆಯ ಮೇಲೆ ತರಬೇಕಾದರೆ ಸುತ್ತಲಿನ ನೀಲಿಯನ್ನೂ ನೆರಳನ್ನೂ ನಿಜಕ್ಕಿಂತ ಕೊಂಚ ತಗ್ಗಿಸುವುದೊಂದೇ ದಾರಿ. ಆದರೆ ಇದರಲ್ಲಿ ಮಿತಿ ಇರಲಿ. ಯುವಕ ಕಾನ್‌ಸ್ಟೆಬಲ್‌ನಿಗೆ ಹಿರಿಯ ಚಿತ್ರಕಾರ ಬೆಂಜಮಿನ್ ವೆಸ್ಟ್, ಬೆಳಕು ನೆರಳುಗಳು ಎಂದೂ ಒಂದೆಡೆ ನಿಲ್ಲುವುದಿಲ್ಲವೆಂದು ಎಚ್ಚರಿಸಿದ್ದರ ಜೊತೆಗೆ, ಎಷ್ಟೇ ಕಪ್ಪಾದ ಆಕಾಶದಲ್ಲೂ ಬೆಳಕು ತುಂಬಿರಬೇಕೆಂದು ಹೇಳಿದ್ದ. ಮೋಡದ ನೆರಳು ಸೀಸದ ಗುಂಡಿನಂತೆ ಭಾರವಾದರೆ ಅದು ಆಕಾಶದಿಂದ ಬಿದ್ದೇ ಹೋಗುತ್ತದೆ, ಆದ್ದರಿಂದ ನೆಲದ ಮೇಲಿನ ಯಾವುದೇ ಮರದ ನೆರಳಿಗಿಂತ ಮೋಡದ ನೆರಳು ತಿಳಿಯಾಗಿರಲಿ.

ನೀಲಿಯನ್ನು ಮೋಡಗಳ ನಡುವಿನ ತೆರಪುಗಳಿಗೆ ಒಂದೊಂದಾಗಿ ತುಂಬಿ. ನೆತ್ತಿಯ ಕಡೆ ಅಲ್ಟ್ರಾಮರೀನ್ ಬೆರೆತ ಗಾಢ ನೀಲಿ, ಕೆಳಗೆ ಬಂದಂತೆ ಕೋಬಾಲ್ಟ್ ಮತ್ತು ಹೆಚ್ಚು ಬಿಳಿ, ದಿಗಂತದ ಬಳಿ ಓಕರಿನ ಸುಳಿವು. ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ದೂರದ ಬೆಟ್ಟ ನೀಲಿಯಾಗಿ ಕಾಣುತ್ತದೆಂದು ದೂರದ ಮೋಡವನ್ನೂ ನೀಲಿಯಾಗಿಸುವುದು ತಪ್ಪು. ಬಿಸಿಲು ಬಿದ್ದ ಬಿಳಿ ಮೋಡದಿಂದ ಹೊರಟ ಬೆಳಕು ಬಹುದೂರದ ಗಾಳಿಯನ್ನು ಹಾದು ಬರುವಾಗ ಅದರ ನೀಲಿಯ ಅಂಶ ಚದುರಿಹೋಗಿ, ಉಳಿದದ್ದು ನಸು ಹಳದಿಯಾಗಿ, ಕೆಲವೊಮ್ಮೆ ನಸುಗೆಂಪಾಗಿ ನಮ್ಮ ಕಣ್ಣಿಗೆ ತಲುಪುತ್ತದೆ. ಅದೇ ಮೋಡದ ನೆರಳಿನ ಭಾಗ ಮಾತ್ರ ನೀಲಿಯ ಕಡೆಗೆ ವಾಲುತ್ತದೆ. ಬಯಲುಸೀಮೆಯ ದೂಳು ತುಂಬಿದ ದಿಗಂತದಲ್ಲಿ ಈ ಹಳದಿ ಇನ್ನಷ್ಟು ಎದ್ದು ಕಾಣುತ್ತದೆ.

ಬೆಳಕಿನ ಭಾಗ ಕೊನೆಗೆ. ಬಿಳಿಗೆ ಓಕರಿನ ಒಂದು ಕಣ ಸೇರಿಸಿ, ದಪ್ಪಗೆ, ಒಂದೇ ಎಳೆತದಲ್ಲಿ, ಮೋಡ ಉಬ್ಬಿರುವ ದಿಕ್ಕಿಗೆ ಕುಂಚ ಓಡಿಸಿ. ಬಿರುಗೂದಲಿನ ಗುರುತುಗಳು ಉಳಿಯಲಿ. ಕಾನ್‌ಸ್ಟೆಬಲ್‌ನ ಹಾಳೆಗಳಲ್ಲಿ ಗಾಳಿಯ ರಭಸ ನಮಗೆ ತಟ್ಟುವುದು ಈ ಉಜ್ಜಿದ, ತಿರುವಿದ ಕುಂಚದ ಗುರುತುಗಳಿಂದಲೇ. ಬೆಳೆಯುತ್ತಿರುವ ಅಂಚನ್ನು ಹಾಗೆಯೇ ಬಿಟ್ಟು, ಕರಗುವ ಅಂಚನ್ನಷ್ಟೇ ಒಣ ಕುಂಚದಿಂದ ಸವರಿ. ಏನನ್ನೂ ಬೆರೆಸದ ಬಿಳಿಯನ್ನು ಹಾಳೆಯಲ್ಲಿ ಒಂದೆರಡು ಕಡೆಗಿಂತ ಹೆಚ್ಚು ಹಚ್ಚಬೇಡಿ. ಗಂಟೆ ಮುಗಿದ ಕೂಡಲೇ ಹಾಳೆಯನ್ನು ಪಕ್ಕಕ್ಕಿಡಿ, ಮನೆಗೆ ಹೋಗಿ ತಿದ್ದಬೇಡಿ.

ಐದನೆಯ ಹಂತ: ಹಾಳೆಯ ಬೆನ್ನಿನ ಬರಹ

ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ಅರ್ಧಕ್ಕೆ ನಿಂತಂತೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಒಂದು ಹಾಳೆಯ ಮೇಲೆ ಕಾನ್‌ಸ್ಟೆಬಲ್ 1822ರ ಸೆಪ್ಟೆಂಬರ್ 5ನೇ ತಾರೀಖು, ನಡುಹಗಲು, ಆಗ್ನೇಯಕ್ಕೆ ಮುಖ, ಗಾಳಿ ಬಲು ಚುರುಕು, ಮೋಡಗಳ ಓಟ ವೇಗವಾಗಿದೆ, ನಡುನಡುವೆ ನೀಲಿಯ ಪ್ರಖರ ತೆರಪುಗಳಿವೆ ಎಂಬರ್ಥದಲ್ಲಿ ದಾಖಲಿಸಿದ್ದಾನೆ. ಇಂಥ ಟಿಪ್ಪಣಿಗಳು ಎಷ್ಟು ನಿಖರವೆಂದರೆ, ಹವಾಮಾನ ತಜ್ಞ ಜಾನ್ ಥಾರ್ನ್ಸ್ ಅವರಿಗೆ ಅವನ್ನು ಆ ಕಾಲದ ಲಂಡನ್ ಹವಾಮಾನ ದಾಖಲೆಗಳೊಡನೆ ಹೋಲಿಸಿ ನೋಡಲು ಸಾಧ್ಯವಾಯಿತು. ಚಿತ್ರಕಲೆಯೂ ಒಂದು ವಿಜ್ಞಾನ, ನಿಸರ್ಗದ ನಿಯಮಗಳ ಶೋಧನೆಯಾಗಿ ಅದನ್ನು ಮುಂದುವರಿಸಬೇಕು ಎಂದು 1836ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನ ಉಪನ್ಯಾಸದಲ್ಲಿ ಅವನು ಹೇಳಿದ ಮಾತಿನ ಹಿಂದೆ ಈ ಹಾಳೆಗಳಿದ್ದವು.

ನಿಮ್ಮ ಹಾಳೆಯ ಹಿಂಬದಿಯಲ್ಲಿ ಒಣಗಿದ ಮೇಲೆ ಪೆನ್ಸಿಲ್‌ನಿಂದ ಊರು, ತಾರೀಖು, ಆರಂಭ ಮತ್ತು ಮುಕ್ತಾಯದ ಹೊತ್ತು, ಮುಖ ಮಾಡಿದ ದಿಕ್ಕು, ನೆಲದ ಮೇಲಿನ ಗಾಳಿಯ ದಿಕ್ಕು, ಮೋಡಗಳು ಸಾಗಿದ ದಿಕ್ಕು, ಮೋಡದ ಜಾತಿ ಇವನ್ನು ಬರೆಯಿರಿ. ಮರುದಿನ ಆ ಆಕಾಶ ಏನಾಯಿತು, ಮಳೆ ಬಂತೇ, ಬಿಸಿಲು ಬಿತ್ತೇ ಎಂಬುದನ್ನೂ ಸೇರಿಸಿ. ಒಂದು ಋತುವಿನ ಹಾಳೆಗಳನ್ನು ಹೀಗೆ ಕೂಡಿಸಿದಾಗ, ಯಾವ ಗಾಳಿಗೆ ಎಂಥ ಮೋಡ ಎಂಬುದು ನಿಮ್ಮ ಊರಿನ ಮಟ್ಟಿಗೆ ನಿಮಗೇ ತಿಳಿಯತೊಡಗುತ್ತದೆ.

ಆರನೆಯ ಹಂತ: ಆಕಾಶವನ್ನು ನೆಲದ ಮೇಲೆ ಕೂರಿಸುವುದು

ಅಭ್ಯಾಸಚಿತ್ರಗಳನ್ನು ದೊಡ್ಡ ಚಿತ್ರಕ್ಕೆ ಬಳಸುವಾಗ ಹಿಂಬದಿಯ ಬರಹವೇ ಮಾರ್ಗದರ್ಶಿ. ಬೆಳಗ್ಗೆ ಪೂರ್ವಕ್ಕೆ ಮುಖ ಮಾಡಿ ಬರೆದ ಆಕಾಶವನ್ನು ಸಂಜೆಯ ಹೊಲದ ಮೇಲೆ ಹೊದಿಸಿದರೆ, ಮೋಡಕ್ಕೆ ಒಂದು ಸೂರ್ಯ, ಮರಕ್ಕೆ ಇನ್ನೊಂದು ಸೂರ್ಯ ಎಂಬಂತಾಗುತ್ತದೆ. ಹೊತ್ತು ಮತ್ತು ದಿಕ್ಕು ಎರಡೂ ಹೊಂದುವ ಹಾಳೆಯನ್ನೇ ಆರಿಸಿ. ಮೋಡಗಳ ಗಾತ್ರಕ್ಕೆ ತಕ್ಕಂತೆ ಅವುಗಳ ನೆರಳುಗಳನ್ನು ನೆಲದ ಮೇಲೆ ಬೀಳಿಸಿ. ದಿಗಂತದ ಕಡೆಗೆ ಆ ನೆರಳುಗಳು ತೆಳುವಾದ ಪಟ್ಟಿಗಳಾಗುತ್ತ ಹೋಗುತ್ತವೆ. ಕೆರೆ ಇದ್ದರೆ ಅದರ ಬಣ್ಣವನ್ನು ಆಕಾಶದಿಂದಲೇ ತೆಗೆದುಕೊಳ್ಳಿ, ಆದರೆ ನೀರಿನಲ್ಲಿ ಮೋಡದ ಬಿಳಿ ಒಂದು ಮೆಟ್ಟಿಲು ತಗ್ಗಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ನೋಡುವವರು ನೀಲಿ ಆಕಾಶವನ್ನೇ ಕೇಳಬಹುದು. ಕಾನ್‌ಸ್ಟೆಬಲ್ 1823ರಲ್ಲಿ ಸಾಲ್ಸ್‌ಬರಿ ಕೆಥೆಡ್ರಲಿನ ಚಿತ್ರವನ್ನು ಪ್ರದರ್ಶಿಸಿದಾಗ, ಅದನ್ನು ಬರೆಸಿದ್ದ ಬಿಷಪ್‌ಗೆ ಗೋಪುರದ ಹಿಂದಿನ ಕಪ್ಪು ಮೋಡ ಹಿಡಿಸಲಿಲ್ಲ. ಮುಂದೆ ಕಾನ್‌ಸ್ಟೆಬಲ್ ತಿಳಿಯಾದ ಆಕಾಶವಿರುವ ಇನ್ನೊಂದು ಚಿತ್ರವನ್ನು ಬರೆದ. ಎರಡೂ ಇಂದಿಗೂ ಇವೆ, ಮೊದಲನೆಯದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಎರಡನೆಯದು ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿ. ಎರಡರ ಛಾಯಾಪ್ರತಿಗಳನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು, ಮೊದಲು ಆಕಾಶವನ್ನು ಕೈಯಿಂದ ಮುಚ್ಚಿ ನೆಲದ ಬೆಳಕನ್ನಷ್ಟೇ ನೋಡಿ, ಆಮೇಲೆ ಕೈ ತೆಗೆದು, ಮೇಲಿನ ಮೋಡ ಬದಲಾದಾಗ ಕೆಳಗಿನ ಹುಲ್ಲು, ಮರ, ಕಲ್ಲುಗಳಲ್ಲಿ ಏನೇನು ಬದಲಾಗಿದೆ ಎಂದು ಒಂದೊಂದಾಗಿ ಪಟ್ಟಿ ಮಾಡಿ. ನಿಮ್ಮ ದೊಡ್ಡ ಚಿತ್ರದ ಮೊದಲ ಗೆರೆ ಹಾಕುವ ಮುನ್ನ ಆ ಪಟ್ಟಿ ಕೈಯಲ್ಲಿರಲಿ.